ಮದುವೆಗೆ ಮುಂಚಿನ ಹೆಸರು

ಅಂಕೋಲಾ
೧೦ ಜುಲೈ ೨೦೦೬

ಪ್ರೀತಿಯ ನೀತಾ,

ಅಂಕೋಲೆಯ ಕಾಲೇಜಿನಲ್ಲಿ ಕನ್ನಡ ಕಲಿಸುವ, ಕಳೆದ ಮೇ ತಿಂಗಳಲ್ಲಿ ನಿನ್ನೊಡನೆ ನಿಶ್ಚಿತಾರ್ಥವಾಗಿರುವ, ರಾಮನಾಥನೆಂಬ ನಾನು, ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ, ಬಂಗಡೆ ಸಾರಿನ ಊಟವಾದ ಮೇಲೆ, ಈ ಕೆಳಗಿನ ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ: ನನ್ನ ಪಾಸ್‌ವರ್ಡನ್ನು ನಾನು ಕೆಮಿಸ್ಟ್ರಿಯ ದತ್ತಾ ಸರ್ ಅವರಿಗೆ ಹೇಳಿದ್ದೇನೆ.

ಶಿಕ್ಷೆ ವಿಧಿಸುವ ಮುನ್ನ ಸನ್ನಿವೇಶ ಕೇಳು. ನಮ್ಮ ಸ್ಟಾಫ್ ರೂಮಿಗೆ ಇರುವುದು ಒಂದೇ ಕಂಪ್ಯೂಟರು. ಜೂನ್‌ನಲ್ಲಿ ನೀನು ನಿನ್ನ ಹೊಸ ಕಾವಲು ವ್ಯವಸ್ಥೆ ತಂದೆ. ಕಾರವಾರದ ಕಾಲೇಜಿರಲಿ, ಅಂಕೋಲೆಯದಿರಲಿ, ನಮ್ಮ ಸಂಸ್ಥೆಯ ಜಾಲದೊಳಗೆ ಕಾಲಿಡುವವರೆಲ್ಲ ಹೆಸರು ಹೇಳಬೇಕು, ಗುಟ್ಟಿನ ಶಬ್ದ ಹೇಳಬೇಕು. ನಮ್ಮ ಗೋಡೆಯ ಮೇಲಿನ ಪೆಟ್ಟಿಗೆಗೆ ಸ್ವಂತ ಬುದ್ಧಿಯಿಲ್ಲ. ಅದು ಕಾರವಾರದಲ್ಲಿರುವ ನಿನ್ನ ಸರ್ವರನ್ನು ಕೇಳುತ್ತದೆ, ‘ಇವನನ್ನು ಬಿಡಲೇ?’ ಸರ್ವರ್ ‘ಬಿಡು’ ಎಂದರೆ ಬಾಗಿಲು ತೆರೆಯುತ್ತದೆ. ನಮ್ಮ ಮದುವೆಯ ಮಾತುಕತೆಯೂ ಹೀಗೇ ನಡೆಯಿತಲ್ಲವೇ? ಬೇಡುವವನು ನಾನು, ಮಧ್ಯಸ್ಥ ಪೆಟ್ಟಿಗೆ, ಕೋಡಿಬಾಗದಲ್ಲಿ ಕುಳಿತ ನಿನ್ನ ಅಪ್ಪ ಸರ್ವರ್. ಲಾಗಿನ್ನಿಗೂ ಲಗ್ನಕ್ಕೂ ಬಹಳ ದೂರವಿಲ್ಲ.

ದತ್ತಾ ಸರ್ ತಮ್ಮ ಪಾಸ್‌ವರ್ಡನ್ನು ದಿನವೂ ಮರೆಯುತ್ತಾರೆ. ನನ್ನದನ್ನು ಮರೆಯುವುದಿಲ್ಲ. ಹಾಗಾಗಿ ಹತ್ತಕ್ಕೆ ರಾಮನಾಥ ರಸಾಯನಶಾಸ್ತ್ರ ಓದುತ್ತಾನೆ, ಹನ್ನೊಂದಕ್ಕೆ ಕ್ರಿಕೆಟ್ ನೋಡುತ್ತಾನೆ, ಹನ್ನೆರಡಕ್ಕೆ ಮಂಡಿನೋವಿನ ಔಷಧ ಹುಡುಕುತ್ತಾನೆ. ನಾನೊಬ್ಬನೇ ಇಡೀ ಸ್ಟಾಫ್ ರೂಮು. ಪಾಸು ಮಾಡುವುದು ಮೇಷ್ಟ್ರ ಧರ್ಮ. ಪಾಸ್‌ವರ್ಡನ್ನೂ ಪಾಸು ಮಾಡಿಬಿಟ್ಟೆ.

ಕಾಲೇಜಿನ ಮೇಲ್‌ನಲ್ಲಿ ಬರೆಯಬೇಡಿ, ಅದನ್ನು ನಾನೂ ನಿತೇಶರೂ ನೋಡಿಕೊಳ್ಳುತ್ತೇವೆ ಎಂದು ನೀನು ಹೇಳಿದೆ. ಮನೆಯ ಮೊಬೈಲು ತಂಗಿ ಪ್ರೀತಿಯ ಕೈಯಲ್ಲಿರುತ್ತದೆ ಎಂದೂ ಹೇಳಿದೆ. ನಮ್ಮಿಬ್ಬರ ನಡುವೆ ಪ್ರೀತಿ ಬಂದದ್ದೇ ತೊಂದರೆಯಾಯಿತು ನೋಡು. ಅದಕ್ಕೇ ಈ ಅಂಚೆ.

ಅಂದಹಾಗೆ, ನಿನ್ನ ಹೋದ ಕಾಗದದಲ್ಲಿ ‘ನಿತೇಶ ಅವರು’ ಅಲ್ಲಲ್ಲಿ ಓಡಾಡುತ್ತಿದ್ದರು. ಹೊಟ್ಟೆಕಿಚ್ಚು ನನ್ನ ಜಾತಕದಲ್ಲೇ ಇಲ್ಲ. ಸುಮ್ಮನೆ ಕಣ್ಣಿಗೆ ಬಿತ್ತು.

ನಿನ್ನ
ರಾಮನಾಥ


ಕಾರವಾರ
೧೪ ಜುಲೈ ೨೦೦೬

ಪ್ರೀತಿಯ ಅಪರಾಧಿಗೆ,

ಕಾಗದವನ್ನು ಆಫೀಸಿನಲ್ಲಿ ಓದಿ ನಕ್ಕೆ. ನಿತೇಶ ‘ಎಂತ ಮೇಡಂ, ಸರ್ವರ್ ಜೋಕ್ ಹೇಳ್ತಾ?’ ಎಂದ.

ಆದರೆ ತಮಾಷೆ ಬದಿಗಿಡಿ. ನಿಮ್ಮ ಹೆಸರಿನಲ್ಲಿ ಯಾರೇ ಒಳಗೆ ಬರಲಿ, ನನ್ನ ಯಂತ್ರಕ್ಕೆ ಅದು ನೀವೇ. ನಾಳೆ ದತ್ತಾ ಸರ್ ಯಾರಿಗಾದರೂ ಬೈದು ಬರೆದರೆ ಬೈದವರು ನೀವು. ಮನುಷ್ಯರಿಗೆ ಮುಖವಿದೆ, ದನಿಯಿದೆ. ಇಲ್ಲಿ ಹೆಸರು ಮತ್ತು ಗುಟ್ಟು, ಅಷ್ಟೇ. ಅದನ್ನು ಹಂಚುವುದು ಹಲ್ಲುಜ್ಜುವ ಬ್ರಶ್ ಹಂಚಿದ ಹಾಗೆ.

ಪಾಸ್‌ವರ್ಡ್ ಬದಲಿಸಿ. ಹೊಸದನ್ನು ಯಾರಿಗೂ ಹೇಳಬೇಡಿ, ನನಗೂ.

ನಿತೇಶ ನನ್ನ ಜೊತೆ ಕೆಲಸ ಮಾಡುವ ಹುಡುಗ. ಕಿನ್ನರ ಎಂಬ ಹಳ್ಳಿಯಿಂದ ಬರುತ್ತಾನೆ. ಏಣಿ ಹತ್ತಲು ಹೆದರುವುದಿಲ್ಲ. ನನಗೆ ಹೆದರಿಕೆ. ಅದಕ್ಕೇ ಅವನ ಹೆಸರು ಬರುತ್ತದೆ.

ನೀವು ಆಯಿ ಎನ್ನುವ ನಿಮ್ಮ ಅಮ್ಮನಿಗೆ ನಮಸ್ಕಾರ ಹೇಳಿ. ನಿಮ್ಮ ಊರು ಹಟ್ಟಿಕೇರಿಯಲ್ಲಿ ಮಳೆ ಹೇಗಿದೆ?

ನೀತಾ


ಅಂಕೋಲಾ
೨೪ ಜುಲೈ ೨೦೦೬

ಪ್ರೀತಿಯ ನೀತಾ,

ಪಾಸ್‌ವರ್ಡ್ ಬದಲಿಸಿದೆ. ಈಗಿನದು ಅಂತಿಂಥದ್ದಲ್ಲ, ಈ ಭೂಮಂಡಲದಲ್ಲಿ ಯಾರೂ ಊಹಿಸಲಾರರು. ನೀನಂತೂ ಖಂಡಿತ ಊಹಿಸಲಾರೆ, ಊಹಿಸಲೂಬಾರದು.

ಶನಿವಾರ ಕಾರವಾರಕ್ಕೆ ಬಂದಿದ್ದೆ. ನಿನಗೆ ಹೇಳಿರಲಿಲ್ಲ. ದಿಢೀರೆಂದು ಎದುರು ನಿಲ್ಲುವ ಯೋಜನೆಯಿತ್ತು. ಕೋಡಿಬಾಗದ ರಸ್ತೆಯಲ್ಲಿ ನೀನೇ ದಿಢೀರೆಂದು ದಾಟಿಹೋದೆ, ಸ್ಕೂಟರಿನ ಹಿಂದಿನ ಸೀಟಿನಲ್ಲಿ. ಓಡಿಸುತ್ತಿದ್ದವನು ಏಣಿಗೆ ಹೆದರದ ವೀರನೇ ಇರಬೇಕು. ನಿಮ್ಮಿಬ್ಬರ ನಡುವೆ ಒಂದು ಆಂಟೆನಾ ಇತ್ತು. ಆಂಟೆನಾಗಳನ್ನು ಇನ್ನಷ್ಟು ದಪ್ಪ ಮಾಡಬಹುದಲ್ಲ ಎಂದು ತಾಂತ್ರಿಕವಾಗಿ ಯೋಚಿಸುತ್ತ ಮುಂದಿನ ಬಸ್ಸಿಗೆ ವಾಪಸು ಬಂದೆ.

ಹೊಟ್ಟೆಯಲ್ಲಿ ಸ್ವಲ್ಪ ಉರಿಯಿತ್ತು. ಬಸ್‌ ಸ್ಟ್ಯಾಂಡಿನ ಭಜಿ ಕಾರಣ.

ರಾಮನಾಥ


ಕಾರವಾರ
೨ ಆಗಸ್ಟ್ ೨೦೦೬

ಮಾನ್ಯ ಬಳಕೆದಾರರೇ,

ಕಾಗದ ತಲುಪಿದೆ. ಕೆಲಸ ಬಹಳವಿತ್ತು, ಉತ್ತರ ತಡವಾಯಿತು.

ನಿಮ್ಮ ಕಾಲೇಜಿನ ಬಳಕೆದಾರರ ಪಟ್ಟಿ ನೋಡುತ್ತಿದ್ದೆ. ಆಫೀಸಿನಲ್ಲಿ ಜಯಂತಿ ಎಂಬವರು ಒಬ್ಬರಿದ್ದಾರಂತೆ. ಆರೋಗ್ಯವಾಗಿದ್ದಾರೆಯೇ?

ಆಂಟೆನಾ ಹಾಸ್ಟೆಲಿನ ಮಾಡಿನ ಮೇಲೆ ಕೂತಿದೆ. ನಿತೇಶ ಒಳ್ಳೆಯ ಹುಡುಗ. ಒಂದು ಗುಟ್ಟನ್ನು ಗುಟ್ಟಾಗಿ ಇಟ್ಟುಕೊಳ್ಳಬಲ್ಲ.

ನೀತಾ


ಅಂಕೋಲಾ
೫ ಆಗಸ್ಟ್ ೨೦೦೬

ಪ್ರೀತಿಯ ನೀತಾ,

‘ಮಾನ್ಯ ಬಳಕೆದಾರರೇ’! ಎಂಥ ಹಾಸ್ಯ. ನನ್ನ ಸಹವಾಸದಿಂದ ಸುಧಾರಿಸುತ್ತಿದ್ದೀ.

ಜಯಂತಿ ಬಾಯಿಯ ಆರೋಗ್ಯ ವಿಚಾರಿಸಿದ್ದು ಬಹಳ ಒಳ್ಳೆಯದಾಯಿತು. ಅವರು ಇಲ್ಲಿನ ಟೈಪಿಸ್ಟು, ಬರುವ ತಿಂಗಳು ನಿವೃತ್ತಿ. ಹಲ್ಲೆಲ್ಲ ತೆಗೆಸಿ ಹೊಸ ಸೆಟ್ಟು ಹಾಕಿಸಿಕೊಂಡಿದ್ದಾರೆ. ಮಾತಾಡುವಾಗ ತೆಗೆದು ಮೇಜಿನ ಮೇಲಿಡುತ್ತಾರೆ. ಬೀಳ್ಕೊಡುಗೆಗೆ ನೀನೂ ಬಾ. ನೀನು ಕೇಳಿದೆ ಎಂದು ಹೇಳಿದೆ, ‘ಹುಡ್ಗಿ ಶಾಣ್ಯಾ’ ಅಂದರು.

ಆದರೆ ನಿತೇಶನ ವಿಷಯ. ‘ಒಳ್ಳೆಯ ಹುಡುಗ’ ಎಂಬುದು ಮೊದಲ ಕಾಗದದಲ್ಲಿ ‘ಅವರು’ ಆಗಿತ್ತು, ಎರಡನೆಯದರಲ್ಲಿ ‘ಹುಡುಗ’ ಆಯಿತು, ಮೂರನೆಯದರಲ್ಲಿ ಒಳ್ಳೆಯವನೂ ಆದ. ಈ ವೇಗದಲ್ಲಿ ದೀಪಾವಳಿಗೆ ಏನಾಗುತ್ತಾನೆ? ಅವನು ಇಟ್ಟುಕೊಂಡಿರುವ ಗುಟ್ಟು ಯಾವುದು? ಯಾರದು? ಅದು ನಿನಗೆ ಹೇಗೆ ಗೊತ್ತು? ಗೊತ್ತಿದ್ದರೆ ಅದು ಗುಟ್ಟು ಹೇಗೆ?

ವ್ಯಾಕರಣದ ದೃಷ್ಟಿಯಿಂದ ಕೇಳುತ್ತಿದ್ದೇನೆ, ಬೇರೇನಿಲ್ಲ.

ರಾಮನಾಥ


ಕಾರವಾರ
೯ ಆಗಸ್ಟ್ ೨೦೦೬

ರಾಮನಾಥ ಅವರಿಗೆ,

ಇನ್ನು ಸುತ್ತು ಬಳಸುವುದಿಲ್ಲ. ಜುಲೈ ಕೊನೆಯಲ್ಲಿ ನನ್ನ ಮೇಜಿನ ಫೋನಿಗೆ ಅಂಕೋಲೆಯಿಂದ ಒಂದು ಕರೆ ಬಂತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

‘ಹಲೋ, ನಾನು ರಾಮನಾಥ ಮಾತಾಡೂದು.’

‘ಹೇಳಿ ಸರ್.’ ದನಿ ನಿಮ್ಮದಲ್ಲ. ನಿಮ್ಮ ದನಿ ನನಗೆ ಗೊತ್ತಿಲ್ಲವೇ?

‘ಒಳಗೆ ಹೋಗೂಕೇ ಬಿಡೂದಿಲ್ಲ ಮಾರಾಯ್ರೆ, ನಿಮ್ಮ ಪೆಟ್ಗೆ. ಪಾಸ್‌ವರ್ಡ್ ಸರಿಯಾಗೇ ಹಾಕಿದ್ದೇನೆ.’

‘ಪಾಸ್‌ವರ್ಡ್ ನಂಗೆ ಹೇಳ್ಬೇಡಿ ಸರ್.’

‘ಹೇಳಿರೆ ಎಂತಾಗ್ತದೆ? ಜಯಂತಿ. ಜೆ, ಎ, ವೈ...’

‘ಸರ್, ನಿಮ್ಮ ಮದ್ವೆ ಯಾವಾಗ?’

‘ನಂದಾ? ಆಗಿ ಇಪ್ಪತ್ತು ವರ್ಷ ಆಯ್ತಲ್ಲ. ಯಾಕೆ?’

ನಿಮಗೆ ಮದುವೆಯಾಗಿ ಇಪ್ಪತ್ತು ವರ್ಷವಾದ ವಿಷಯ ನಮ್ಮ ಮನೆಯವರಿಗೆ ಯಾರೂ ತಿಳಿಸಿರಲಿಲ್ಲ. ಅಭಿನಂದನೆ.

ಹೊಸ ಪಾಸ್‌ವರ್ಡನ್ನೂ ದತ್ತಾ ಸರ್‌ಗೆ ಕೊಟ್ಟಿದ್ದೀರಿ. ಅದನ್ನು ಕ್ಷಮಿಸಬಹುದು. ಆದರೆ ಯಾರೂ ಊಹಿಸಲಾಗದ, ನಾನಂತೂ ಊಹಿಸಬಾರದ ಆ ಶಬ್ದ ಒಬ್ಬ ಹೆಂಗಸಿನ ಹೆಸರು. ಟೈಪಿಸ್ಟ್ ಬಾಯಿಯ ಹಲ್ಲಿನ ಕತೆ ಹೇಳಿ ಅದನ್ನು ಮುಚ್ಚಬೇಡಿ. ಬಾಯಿಯ ಹೆಸರನ್ನು ಯಾರೂ ಪಾಸ್‌ವರ್ಡ್ ಮಾಡಿಕೊಳ್ಳುವುದಿಲ್ಲ.

ನಿಮ್ಮ ಖಾತೆಯನ್ನು ಮುಚ್ಚಿದ್ದೇನೆ. ನಿಯಮದ ಪ್ರಕಾರ. ಜಯಂತಿ ಯಾರು?

ನೀತಾ


ಅಂಕೋಲಾ
೧೨ ಆಗಸ್ಟ್ ೨೦೦೬

ಪ್ರೀತಿಯ ನೀತಾ,

ಖಾತೆ ಮುಚ್ಚಿ ಕ್ಯಾತೆ ತೆಗೆದೆಯಲ್ಲ! ಹೇಳಬಾರದ್ದನ್ನು ಹೇಳಿಸುತ್ತಿದ್ದೀ. ಆಯಿಗೆ ಗೊತ್ತಾದರೆ ಅಪಶಕುನ ಎಂದು ಎದೆ ಹಿಡಿದುಕೊಳ್ಳುತ್ತಾಳೆ.

ಜಯಂತಿ ಎಂದರೆ ನೀನು.

ನಿಮ್ಮಲ್ಲೂ ನಮ್ಮಲ್ಲೂ ಒಂದೇ ಪದ್ಧತಿ. ತಾಳಿ ಕಟ್ಟಿದ ಮೇಲೆ ಹರಿವಾಣದಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದ ತುದಿಯಿಂದ ಮದುಮಗಳ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಯವರೆಗೆ ಅದನ್ನು ಅವಳಿಗೆ ಹೇಳುವಂತಿಲ್ಲ. ಆಯಿಯೂ ನಾನೂ ಕೂತು ಆರಿಸಿದ ಹೆಸರು ಅದು. ಯಾರಿಗೂ ಗೊತ್ತಿಲ್ಲದ ಶಬ್ದ ಹಾಕಿ ಎಂದು ನೀನೇ ಹೇಳಿದ್ದೆ. ಲೋಕದಲ್ಲಿ ನನಗೂ ಆಯಿಗೂ ಮಾತ್ರ ಗೊತ್ತಿದ್ದ ಶಬ್ದ ಬೇರೆ ಯಾವುದಿತ್ತು? ದತ್ತಾ ಸರ್‌ಗೆ ಕೊಡುವಾಗಲೂ ಅರ್ಥ ಹೇಳಿರಲಿಲ್ಲ.

ಚೆಂದದ ಹೆಸರಲ್ಲವೇ? ಮನೆಯಲ್ಲಿ ದಿನವೂ ಜಯಂತಿ, ಅಂದರೆ ನನಗೆ ದಿನವೂ ರಜೆ. ಮನೆಯವಳ ಹೆಸರಿನಿಂದಲೇ ನಿನ್ನ ಕಾವಲಿನ ಬಾಗಿಲನ್ನು ನಿತ್ಯ ದಾಟುತ್ತಿದ್ದೆ. ಇದಕ್ಕಿಂತ ದೊಡ್ಡ ಪತಿವ್ರತ ಗಂಡು ನಿನಗೆ ಸಿಕ್ಕುವುದಿಲ್ಲ.

ಈಗ ನಗು. ಆಮೇಲೆ ಖಾತೆ ತೆರೆ. ಆಮೇಲೆ ನಿತೇಶನ ಗುಟ್ಟು ಹೇಳು.

ನಿನ್ನ
ರಾಮನಾಥ


ಕಾರವಾರ
೨೦ ಆಗಸ್ಟ್ ೨೦೦೬

ರಾಮನಾಥ ಅವರಿಗೆ,

ನಗಲು ಪ್ರಯತ್ನಪಟ್ಟೆ. ಆಗಲಿಲ್ಲ.

ಇಷ್ಟು ದಿನ ಜಯಂತಿ ಬೇರೆ ಯಾವಳೋ ಎಂದು ಉರಿದುಕೊಂಡೆ. ನಾನೇ ಎಂದು ತಿಳಿದ ಮೇಲೆ ಉರಿ ಹೆಚ್ಚಾಗಿದೆ. ಬೇರೆಯವಳಾಗಿದ್ದರೆ ಜಗಳವಾಡಿ ಓಡಿಸಬಹುದಿತ್ತು.

ನೀವು ಬೆಳಿಗ್ಗೆ ಎದ್ದು ಹೋಗಿ ಮೊದಲು ಬರೆಯುತ್ತಿದ್ದದ್ದು ಅವಳ ಹೆಸರು. ನನ್ನ ಹೆಸರು ಲಕೋಟೆಯ ಮೇಲೆ, ನೆನಪಾದಾಗ. ಅವಳ ಜೊತೆ ನೀವೂ ಆಯಿಯೂ ಕೂತು ಮಾತಾಡಿದ್ದೀರಿ, ಅವಳಿಗೆ ಮನೆಯಲ್ಲಿ ಜಾಗ ಮಾಡಿದ್ದೀರಿ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಭಜಿಯ ನೆಪ ಹೇಳುವುದಿಲ್ಲ.

ಅವಳು ಬಿ.ಇ. ಮಾಡಿಲ್ಲ. ಪದವಿ ಇರುವುದು ನೀತಾಳ ಹೆಸರಿನಲ್ಲಿ. ಈ ಸರ್ವರನ್ನು ಕಟ್ಟಿದ್ದು ನೀತಾ. ಅಪ್ಪ ಹೊಳೆದಂಡೆಯಲ್ಲಿ ನಿಂತು ಕೂಗಿ ಕರೆದದ್ದು ನೀತಾ ಎಂದು.

ನಮ್ಮ ಲೈಬ್ರರಿಯ ದಮಯಂತಿ ಮೇಡಂ ಜೂನ್‌ನಲ್ಲಿ ನೋಂದಣಿಗೆಂದು ನನ್ನ ಮೇಜಿನ ಮುಂದೆ ನಿಂತಿದ್ದರು. ಸರ್ಟಿಫಿಕೇಟಿನಲ್ಲಿ ಅವರ ಹೆಸರು ಬೇಬಿ. ತಲೆ ನರೆತ ಹೆಂಗಸು, ಹಳದಿ ಬಿದ್ದ ಲಗ್ನಪತ್ರಿಕೆ ಹಿಡಿದು, ‘ನಾನೇ ಅದು, ಆ ಬೇಬಿ ನಾನೇ’ ಎಂದು ನನ್ನಂಥ ಹುಡುಗಿಯ ಎದುರು ಸಾಬೀತು ಮಾಡಬೇಕಾಯಿತು. ನಿತೇಶ ನಕ್ಕ. ನಾನೂ ನಕ್ಕೆ. ಈಗ ನಗು ಬರುತ್ತಿಲ್ಲ. ನೀನು ಯಾರು ಎಂದು ಎಲ್ಲರನ್ನೂ ಕೇಳುವುದು ನನ್ನ ಕೆಲಸ. ನನ್ನನ್ನು ಯಾರಾದರೂ ಕೇಳಿದರೆ ಎರಡು ಉತ್ತರ ಕೊಡಲಾರೆ.

ಪದ್ಧತಿ ನನಗೂ ಗೊತ್ತಿತ್ತು. ನಮ್ಮ ಅಮ್ಮನಿಗೂ ಆಗಿದೆ. ನಿಮ್ಮಂಥ ಓದಿದವರು ‘ನಿನಗೆ ಬೇಕೇ’ ಎಂದು ಒಂದು ಮಾತು ಕೇಳುತ್ತೀರಿ ಎಂದುಕೊಂಡಿದ್ದೆ. ನಿತೇಶ ಅಷ್ಟನ್ನಾದರೂ ಹೇಳಿದ, ‘ನೀತಾ ಹೆಸ್ರಿಗೆ ಎಂತಾಗಿದೆ? ಲಾಯ್ಕಿದೆಯಲ್ಲ.’

ಅಕ್ಕಿಯಲ್ಲಿ ಜಯಂತಿ ಎಂದೇ ಬರೆಯುವುದಾದರೆ ಡಿಸೆಂಬರಿನಲ್ಲಿ ಅವಳನ್ನೇ ಮಂಟಪಕ್ಕೆ ಕರೆದುಕೊಂಡು ಬನ್ನಿ. ನಾನು ಬರುವುದಿಲ್ಲ. ಇದು ತಮಾಷೆಯಲ್ಲ.

ನಿತೇಶನ ಗುಟ್ಟೆಂದರೆ ಅವನ ಪಾಸ್‌ವರ್ಡ್, ನನಗೂ ಹೇಳಿಲ್ಲ. ನಿಮ್ಮ ಖಾತೆಯನ್ನು ನಾನಾಗಿ ತೆರೆಯುವುದಿಲ್ಲ. ನೋಂದಣಿಯ ದಿನ ನೀವು ಒಂದು ಗುಟ್ಟಿನ ಪ್ರಶ್ನೆ ಆರಿಸಿ ಉತ್ತರ ತುಂಬಿದ್ದೀರಿ. ಅದನ್ನೇ ಹಾಕಿದರೆ ತಾನಾಗಿ ತೆರೆಯುತ್ತದೆ.

ನೀತಾ


ಅಂಕೋಲಾ
೧ ಸೆಪ್ಟೆಂಬರ್ ೨೦೦೬

ಪ್ರೀತಿಯ ನೀತಾ,

ಗೆದ್ದೆ! ನೀತಾ, ನೀನು ನೀತಾ. ಅಕ್ಕಿಯಲ್ಲೂ ನೀತಾ, ಅನ್ನದಲ್ಲೂ ನೀತಾ.

ಚೌತಿಯ ಮರುದಿನ ಆಯಿಯ ಎದುರು ನಿಂತೆ. ನಿಂತು ಮಾತಾಡಿದೆ. ಹೆಸರೆಂಬುದು ಅಂಗಿಯಲ್ಲ, ಚರ್ಮ ಎಂದೆ. ಒಬ್ಬಳು ಇಪ್ಪತ್ತಾರು ವರ್ಷ ಬೆಳೆಸಿದ್ದನ್ನು ಒಂದು ಸೇರು ಅಕ್ಕಿಯಲ್ಲಿ ಅಳಿಸುವ ಹಕ್ಕು ಯಾವ ಗಂಡನಿಗೂ ಇಲ್ಲ ಎಂದೆ. ಹಳೆಗನ್ನಡ, ನಡುಗನ್ನಡ, ಹೊಸಗನ್ನಡ ಮೂರರಿಂದಲೂ ಉದಾಹರಣೆ ಕೊಟ್ಟೆ. ಆಯಿ ಒಪ್ಪಿಬಿಟ್ಟಳು. ಪಕ್ಕದ ಮನೆಯ ಗೋದಾವರಿ ಅತ್ತೆ ಬೇಲಿಯಾಚೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈ ಪರಾಕ್ರಮವನ್ನು ನಿತೇಶನಿಗೂ ಓದಿ ಹೇಳಬಹುದು. ಹೆಸರು ಲಾಯ್ಕಿದೆ ಎನ್ನುವುದು ಸುಲಭ, ಆಯಿಯೊಡನೆ ಯುದ್ಧ ಮಾಡಲಿ ನೋಡೋಣ.

ನಿನ್ನವನೇ ಆದ
ರಾಮನಾಥ


ಕಾರವಾರ
೫ ಸೆಪ್ಟೆಂಬರ್ ೨೦೦೬

ಪ್ರೀತಿಯ ರಾಮನಾಥ,

ಕಾಗದವನ್ನು ಮತ್ತೆ ಮತ್ತೆ ಓದಿದೆ. ನೀವು ಹೀಗೆ ನಿಲ್ಲುತ್ತೀರಿ ಎಂದು ನಾನು ತಿಳಿದಿರಲಿಲ್ಲ, ತಪ್ಪಾಯಿತು. ಪ್ರೀತಿಗೂ ಓದಿ ಹೇಳಿದೆ, ‘ಭಾವ ಭಾರಿ ಇದ್ದಾರೆ’ ಎಂದಳು.

ಒಂದು ಸಣ್ಣ ವಿಷಯ. ಚೌತಿಯ ಮರುದಿನದಿಂದ ನಿಮ್ಮ ಖಾತೆಯ ಗುಟ್ಟಿನ ಪ್ರಶ್ನೆಗೆ ಅಂಕೋಲೆಯಿಂದ ಯಾರೋ ತಪ್ಪು ಉತ್ತರ ಹಾಕುತ್ತಲೇ ಇದ್ದಾರೆ. ದತ್ತಾ ಸರ್ ಇರಬೇಕು, ಅವರಿಗೆ ಸ್ವಲ್ಪ ಹೇಳಿ. ನನಗೆ ಉತ್ತರ ಕಾಣುವುದಿಲ್ಲ, ಪ್ರಶ್ನೆ ಮಾತ್ರ ಕಾಣುತ್ತದೆ: ‘ತಾಯಿಯ ಮದುವೆಗೆ ಮುಂಚಿನ ಹೆಸರು.’ ನೀವಾಗಿದ್ದರೆ ಒಂದೇ ಸಲಕ್ಕೆ ಸರಿಯಾಗುತ್ತಿತ್ತಲ್ಲ?

ನಿಮ್ಮ
ನೀತಾ


ಅಂಕೋಲಾ
೯ ಸೆಪ್ಟೆಂಬರ್ ೨೦೦೬

ಪ್ರೀತಿಯ ನೀತಾ,

ದತ್ತಾ ಸರ್ ನಿರಪರಾಧಿ. ಅದು ನಾನೇ.

ಕಾರವಾರದ ಚೌತಿಯ ಫೋಟೊಗಳನ್ನು ನಿತೇಶ ಸ್ಟಾಫ್ ಪುಟದಲ್ಲಿ ಹಾಕಿದ್ದಾನಂತೆ. ‘ನಿನ್ನ ಹುಡ್ಗಿ ಹಸ್ರು ಸೀರೆ ಉಟ್ಟಿದ್ದಾಳೆ ಮಾರಾಯಾ, ಪಕ್ಕದಲ್ಲಿ ಯಾರೋ ಒಂದು ಉದ್ದ ಹುಡ್ಗ’ ಎಂದು ದತ್ತಾ ಸರ್ ಹೇಳಿದರು. ಅವರ ಖಾತೆಯಲ್ಲೇ ತೋರಿಸಿ ಎಂದೆ, ಅಷ್ಟರಲ್ಲೇ ಪಾಸ್‌ವರ್ಡ್ ಮರೆತಿದ್ದರು. ನನ್ನ ಖಾತೆ ತೆರೆಯದೆ ಗತಿಯಿರಲಿಲ್ಲ. ಯಂತ್ರ ಆಯಿಯ ಹಳೆಯ ಹೆಸರು ಕೇಳಿತು. ನನಗೆ ಗೊತ್ತಿರಲಿಲ್ಲ. ತೋಚಿದ್ದನ್ನೆಲ್ಲ ಹಾಕಿ ನೋಡಿದೆ. ಕೊನೆಗೆ ಮನೆಗೆ ಹೋದೆ. ಅಂದರೆ, ಆಯಿಯ ಎದುರು ನಾನು ಹೋಗಿ ನಿಂತದ್ದು ಫೋಟೊ ನೋಡುವ ಉರಿಯಿಂದ. ಭಜಿ ತಿಂದಿರಲಿಲ್ಲ.

ಆಯಿ ಹಿತ್ತಲಲ್ಲಿ ಕೂತು ಶೆಟ್ಲಿ ಸುಲಿಯುತ್ತಿದ್ದಳು.

‘ಆಯಿ, ಮದ್ವೆಗೆ ಮುಂಚೆ ನಿನ್ನ ಹೆಸ್ರು ಎಂತದು?’

‘ಯಾಕೆ?’

‘ಕಂಪ್ಯೂಟರ್ ಕೇಳ್ತದೆ.’

ಆಯಿ ಸಿಗಡಿಯ ತಲೆ ಮುರಿದು ಬೆಕ್ಕಿಗೆ ಎಸೆದಳು. ‘ಕಂಪ್ಯೂಟರಿಗಾದ್ರೂ ಬೇಕಾಯ್ತಲ್ಲ,’ ಅಂದಳು. ಇನ್ನೊಂದನ್ನು ಕೈಗೆತ್ತಿಕೊಂಡು, ‘ಬೊಮ್ಮಿ. ನಿನ್ನ ಅಜ್ಜ ಇಟ್ಟದ್ದು. ನಿನ್ನಪ್ಪನಿಗೆ ಹಳೇ ಹೆಸ್ರು ಅನ್ಸ್ತು, ಅಕ್ಕಿ ಮೇಲೆ ಪ್ರಮೀಳಾ ಅಂತ ಬರ್ದ್ರು. ಆಗ ನಂಗೆ ಓದೂಕೆ ಬರ್ತಿರ್ಲಿಲ್ಲ. ಎಂತ ಬರ್ದದ್ದು ಅಂತ ನಿನ್ನ ಅತ್ತೆ ಹತ್ರ ಕೇಳ್ದೆ.’

ಸಿಪ್ಪೆಯನ್ನು ಬದಿಗೆ ಸರಿಸಿ ಆಯಿಯೇ ಕೇಳಿದಳು.

‘ಆ ಹುಡ್ಗಿಗೆ ಜಯಂತಿ ಬ್ಯಾಡಂತಾ?’

‘ನಿಂಗೆ ಹೇಗೆ ಗೊತ್ತು?’

‘ಚೌತಿ ದಿವ್ಸ ಮೋದಕ ಬಿಟ್ಟು ಎದ್ದವ ನೀನು. ಕಾಗ್ದ ಬಂದಾಗಿಂದ ಮುಖ ನೋಡ್ತೇನಲ್ಲ. ಬ್ಯಾಡ ಅಂದ್ರೆ ಬಿಡು. ಆ ಅಕ್ಕಿ ಪಾಯಸಕ್ಕೆ ಆಗ್ತದೆ. ಹೋಗು, ನೀರು ತಕಾ ಬಾ, ಕೈ ತೊಳೀಬೇಕು.’

ಆಗ ನಾನು ಆಡಿದ್ದು ಒಂದೇ ಮಾತು: ‘ಬಿಸಿನೀರಾ, ತಣ್ಣೀರಾ?’

ಹಳೆಗನ್ನಡ, ನಡುಗನ್ನಡ ಎಲ್ಲ ನಿನಗೆ ಬರೆಯಲು ಕೂತಾಗ ಹೊಳೆದವು. ಗೋದಾವರಿ ಅತ್ತೆ ಬೇಲಿಯಾಚೆ ಇದ್ದದ್ದು ನಿಜ, ಈರುಳ್ಳಿ ಹೆಚ್ಚುತ್ತಿದ್ದಳು. ನಿನ್ನ ಹೆಸರು ಉಳಿಸಿದ್ದು ಆಯಿ. ಡಿಸೆಂಬರಿನಲ್ಲಿ ಬರುವುದೋ ಬೇಡವೋ ಎಂಬುದನ್ನು ಅವಳನ್ನು ನೋಡಿ ತೀರ್ಮಾನಿಸು, ನನ್ನ ಭಾಷಣವನ್ನು ನೋಡಿ ಬೇಡ.

ನೇರ ಕಾಲೇಜಿಗೆ ಓಡಿ ‘ಬೊಮ್ಮಿ’ ಎಂದು ಹಾಕಿದೆ. ತೆರೆಯಲಿಲ್ಲ. ನಿನ್ನ ಸರ್ವರ್ ಕೆಟ್ಟಿದೆ ಎಂದು ದತ್ತಾ ಸರ್ ಎದುರು ಸಾರಿದೆ. ಆಯಿಯೇ ಹೇಳಿದ ಮೇಲೆ ತಪ್ಪಾಗಲು ಹೇಗೆ ಸಾಧ್ಯ?

ನಿನ್ನೆ ನಿನ್ನ ಕಾಗದ ಓದಿದ ಮೇಲೆ ಆ ಪ್ರಶ್ನೆಯ ಮುಂದೆ ಮತ್ತೆ ಕೂ‌ತೆ. ಈ ಸಲ ತೆರೆಯಿತು. ಸರ್ವರಿನಲ್ಲಿ ದೋಷವಿಲ್ಲ. ಅದು ಕೇಳುತ್ತಿದ್ದದ್ದು ನಿಜವಾದ ಉತ್ತರವನ್ನಲ್ಲ, ಜೂನ್‌ನಲ್ಲಿ ನಾನು ತುಂಬಿದ್ದನ್ನು. ಯಾವ ಉತ್ತರಕ್ಕೆ ತೆರೆಯಿತು ಎಂಬುದು ನಿನಗೆ ಕಾಣುವುದಿಲ್ಲವಂತೆ. ಹಾಗಾಗಿ ನಾನೇ ಹೇಳಬೇಕು. ತಾಯಿಯ ಮದುವೆಗೆ ಮುಂಚಿನ ಹೆಸರು ಎಂಬುದರ ಎದುರಿಗೆ, ಕನ್ನಡ ಎಂ.ಎ., ಪ್ರಥಮ ದರ್ಜೆ, ರಾಮನಾಥನೆಂಬ ನಾನು ಒಂದಿಷ್ಟೂ ಯೋಚಿಸದೆ ‘ಆಯಿ’ ಎಂದು ಬರೆದಿದ್ದೆ.

ರಾಮನಾಥ